ಬೆಡಗು ಮರೆತ ದಾನವ್ವ

ಗೊರಗುಂಟೆಪಾಳ್ಯದಲ್ಲಿ ಬಿಜಾಪುರದ ಕಡೆಯವರು ಯಾರೇ ಹೆಣ್ಣು ನೋಡುವ ಮಾತೆತ್ತಲಿ, ಮೊದಲು ಬರುತ್ತಿದ್ದುದು ದಾನವ್ವನ ಹತ್ತಿರ. ಫ್ಯಾಕ್ಟರಿ ಕೆಲಸಕ್ಕೆಂದು ಊರು ಬಿಟ್ಟು ಬಂದವರಿಗೆ ತಮ್ಮ ಮುತ್ತಜ್ಜನ ಹೆಸರೇ ನೆಟ್ಟಗೆ ಗೊತ್ತಿರಲಿಲ್ಲ. ಯಾರ ಮನೆತನದ ಬೆಡಗು, ಅಂದರೆ ಗೋತ್ರ, ಯಾವುದು, ಒಂದೇ ಬೆಡಗಿನವರಾದ್ದರಿಂದ ಯಾರು ಯಾರಿಗೆ ಬೀಗರಾಗಬಾರದು, ಎಲ್ಲ ದಾನವ್ವನ ನಾಲಿಗೆಯ ತುದಿಯಲ್ಲಿತ್ತು. ಮಗ ಕಾಶಿನಾಥನಿಗೆ ಸಹೋದ್ಯೋಗಿಗಳು ಮರ್ಯಾದೆ ಕೊಡುತ್ತಿದ್ದುದು ಅವನ ಫಿಟ್ಟರ್ ಕೆಲಸ ನೋಡಿಯಲ್ಲ, ದಾನವ್ವನ ಮಗನೆಂದು. ಸೊಸೆ ಗಂಗಾದೇವಿಗೆ ಅತ್ತೆಯ ಈ ಪ್ರತಾಪ ಕೇಳಿ ಕೇಳಿ ಕಿವಿ ತೂತು ಬಿದ್ದಿತ್ತು.

ಇಂಥ ಹೆಂಗಸಿಗೆ ಎಂಬತ್ಮೂರನೇ ಇಸವಿಯ ಹೊತ್ತಿಗೆ ಮೂತ್ರದ ಅವಸರ ಗಂಟುಬಿತ್ತು. ಬಂತು ಅನ್ನಿಸಿದರೆ ಬಂತೇ, ಒಂದು ಗಳಿಗೆ ತಡೆಯುವಂತಿಲ್ಲ. ಪಾಯಖಾನೆಯೋ ವಠಾರದ ಹಿಂದೆ, ಯಾವಾಗ ನೋಡಿದರೂ ಒಳಗೆ ಯಾರೋ ಒಬ್ಬರು. ಮನೆಯೊಳಗೆ ಬಚ್ಚಲಿತ್ತು, ನಿಜ. ಆದರೆ ಲಿಂಗಪೂಜೆಗೆ ಮಿಂದು ಮಡಿಯಾಗುವ ಜಾಗದಲ್ಲಿ ಆ ಕೆಲಸಕ್ಕೆ ಕೂರುವುದೇ? ಸತ್ತರೂ ಇಲ್ಲ ಎಂದಿದ್ದಳು. ಕೊನೆಗೊಂದು ಭಾನುವಾರ ಬೀಗತನ ಕೇಳಲು ಬಂದವರ ಎದುರೇ, ಜಮಖಾನೆಯ ಮೇಲೆ ಕೂತಲ್ಲೇ ಸೀರೆ ಒದ್ದೆಯಾಯಿತು. ಬಂದವರು ನೋಡಿಯೂ ನೋಡದವರ ಹಾಗೆ ಚಹಾ ಕುಡಿದು ಎದ್ದರು. ದಾನವ್ವ ಆ ದಿನ ಊಟ ಮಾಡಲಿಲ್ಲ. ಮರುದಿನ ತಾನೇ ಮಗನಿಗೆ ಹೇಳಿ ಯಶವಂತಪುರದ ಡಾಕ್ಟರ ಹತ್ತಿರ ಹೋಗಿ ಬಿಳಿ ಗುಳಿಗೆ ತಂದಳು.

ಗುಳಿಗೆ ಕೆಲಸ ಮಾಡಿತು, ಸುಳ್ಳೇಕೆ ಹೇಳಬೇಕು. ದಾನವ್ವ ಮತ್ತೆ ಜಮಖಾನೆಯ ಮೇಲೆ ಜಮಾಯಿಸಿ ಕೂತಳು. ಆದರೆ ಬಾಯಿ ಒಣಗತೊಡಗಿತು. ನಾಲಿಗೆ ಅಂಗುಳಕ್ಕೆ ಅಂಟಿ ರೊಟ್ಟಿ ಗಂಟಲಲ್ಲಿ ಇಳಿಯದು. ಹೊಟ್ಟೆ ಕಟ್ಟಿತು. ಅಕ್ಕಿಯೊಳಗಿನ ಕಲ್ಲು ಕಾಣದಷ್ಟು ಕಣ್ಣು ಮಂಜಾಯಿತು. ವಯಸ್ಸಾಯಿತಲ್ಲ ಅಂದರು ಎಲ್ಲರೂ. ಏನಾದರೂ ಆದರೆ ವಯಸ್ಸಿನ ತಲೆಗೆ ಕಟ್ಟುವುದು ಎಷ್ಟು ಸಲೀಸು ನೋಡಿ!

ಆಮೇಲೊಂದು ಮಧ್ಯಾಹ್ನ ಅವಳು ಗೋಡೆಯಿಂದ ಏನನ್ನೋ ಹೆಕ್ಕಿ ಹೆಕ್ಕಿ ಎಸೆಯುತ್ತಿದ್ದಳು. ಗಂಗಾದೇವಿ ಕೇಳಿದರೆ ಇರುವೆ ಎಂದಳು. ಗೋಡೆಯ ಮೇಲೆ ಒಂದೇ ಒಂದು ಇರುವೆ ಇರಲಿಲ್ಲ. ಹತ್ತಿರ ಹೋಗಿ ಅತ್ತೆಯ ಕೈ ಹಿಡಿದಾಗ ಇನ್ನೊಂದು ಕಂಡಿತು. ಕೊರಳಲ್ಲಿ ಶಿವದಾರವಿಲ್ಲ, ಲಿಂಗದ ಕರಡಿಗೆಯೂ ಇಲ್ಲ. ಹುಟ್ಟಿದಂದಿನಿಂದ ಮೈಬಿಟ್ಟು ಅಗಲದ ಲಿಂಗ! ಎಲ್ಲಿಟ್ಟಿರಿ ಎಂದರೆ ಮುದುಕಿ ಸುಮ್ಮನೆ ನಗುತ್ತಾಳೆ.

ಮನೆಯೆಲ್ಲ ಜಾಲಾಡಿದರೂ ಸಿಗಲಿಲ್ಲ. ಲಿಂಗ ಕಳೆದುಕೊಂಡಿದ್ದಕ್ಕೇ ಬುದ್ಧಿ ಹೀಗಾಗಿದೆ ಎಂದು ಕಾಶಿನಾಥ ತೀರ್ಮಾನಿಸಿದ. ಹೊಸ ಲಿಂಗ ಕಟ್ಟುವ ಅಯ್ಯನವರು ತುಮಕೂರಿನ ಕಡೆ ಹೋಗಿದ್ದರು. ಅವರು ಬರುವವರೆಗೆ, ಕೊರಳಲ್ಲಿ ಲಿಂಗವಿಲ್ಲದವಳಿಗೆ ಅನ್ನವಿಲ್ಲ, ನೀರೂ ಇಲ್ಲ. ಹಿಂದಿನಿಂದ ಬಂದ ಕಟ್ಟಳೆ, ಅವನಾದರೂ ಏನು ಮಾಡಿಯಾನು? ಗಂಗಾದೇವಿ ಮಾತ್ರ ಗಂಡನ ಕಣ್ಣು ತಪ್ಪಿಸಿ ಒದ್ದೆ ಬಟ್ಟೆಯಿಂದ ಅತ್ತೆಯ ತುಟಿ ಒರೆಸುತ್ತಿದ್ದಳು. ಪಕ್ಕದ ಮನೆಯ ಕೌಸಲ್ಯಾ, ಗಾಳಿ ಸೋಕಿರಬೇಕು ಎಂದು ನಿಂಬೆಹಣ್ಣು ಕೊಟ್ಟು ಹೋದಳು.

ಮೂರನೆಯ ದಿನ ಅಯ್ಯನವರು ಬಂದು ಲಿಂಗ ಕಟ್ಟುವಾಗ ದಾನವ್ವ ಅವರ ಮುಖ ನೋಡಿ, ನಿಮ್ಮ ತಂಗಿಯ ಮಗಳ ಲಗ್ನ ಗಟ್ಟಿಯಾಯಿತೇ ಎಂದು ಸ್ಪಷ್ಟವಾಗಿ ಕೇಳಿದಳು. ಇರುವೆಗಳು ಮಾಯ! ಕಾಶಿನಾಥ ಅಯ್ಯನವರ ಕಾಲಿಗೆ ಉದ್ದಂಡ ಬಿದ್ದ. ವಠಾರಕ್ಕೆಲ್ಲ ಹೋಳಿಗೆ ಹಂಚಿದ್ದಾಯಿತು. ಹೋಳಿಗೆ ತಿಂದು ಕೈತೊಳೆದ ದಾನವ್ವ ನಿಂತುಹೋಗಿದ್ದ ಗುಳಿಗೆಯನ್ನು ಮತ್ತೆ ಬಾಯಿಗೆ ಹಾಕಿಕೊಂಡಳು.

ಒಂದು ವಾರ ಕಳೆದಿರಲಿಲ್ಲ. ಕಾಶಿನಾಥ ಶಿಫ್ಟ್ ಮುಗಿಸಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ. ದಾನವ್ವ ಜಮಖಾನೆಯ ಮೇಲಿಂದ ಅವನನ್ನು ನೋಡಿ, ಬಂದವರಿಗೆಲ್ಲ ಕೇಳುವ ಪ್ರಶ್ನೆ ಕೇಳಿದಳು.

"ಬರ್ರಿ, ಕುಂದರ್ರಿ. ನೀವು ಯಾರ ಪೈಕಿ, ತಮ್ಮಾ?"

ಊರಿನವರ ಏಳು ತಲೆಮಾರು ಬಲ್ಲವಳಿಗೆ ಹೆತ್ತ ಮಗ ಯಾರ ಪೈಕಿಯೆಂದು ತಿಳಿಯದೆ ಹೋಯಿತೇ! ಅವನು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತ. ಇನ್ನು ಹುಚ್ಚಾಸ್ಪತ್ರೆಗೆ ಸೇರಿಸುವುದೊಂದೇ ದಾರಿ, ನಾಳೆಯೇ ಕರೆದೊಯ್ಯುತ್ತೇನೆ ಎಂದು ಬಿಕ್ಕಿದ.

ಗಂಗಾದೇವಿ ಅತ್ತೆಯ ಕೊರಳು ನೋಡಿದಳು. ಹೊಸ ಲಿಂಗ ಅಲ್ಲೇ ಇತ್ತು. ಹಾಗಾದರೆ ಹೋದದ್ದು ಇನ್ನೇನು, ಬಂದದ್ದು ಇನ್ನೇನು? ತಂಬಿಗೆಯ ಪಕ್ಕದಲ್ಲಿದ್ದ ಗುಳಿಗೆಗಳ ಮೇಲೆ ಕಣ್ಣು ಬಿತ್ತು. ನೀರೇ ಇಲ್ಲದ ಆ ದಿನಗಳಲ್ಲಿ ಗುಳಿಗೆಯೂ ಇರಲಿಲ್ಲ! ಇಷ್ಟು ದಿನ ತಾನೇ ನೀರು ತುಂಬಿ, ತಾನೇ ಗುಳಿಗೆ ಕೈಗೆ ಕೊಡುತ್ತಿದ್ದಳಲ್ಲ.

ಬೆಳಿಗ್ಗೆ ಹುಚ್ಚಾಸ್ಪತ್ರೆಗೆ ಹೊರಟ ಗಂಡನನ್ನು ತಡೆದು ಯಶವಂತಪುರಕ್ಕೆ ಎಳೆದುಕೊಂಡು ಹೋದಳು. ಡಾಕ್ಟರು ಎಲ್ಲ ಕೇಳಿ, ವಯಸ್ಸಾದ ಕೆಲವರಿಗೆ ಈ ಗುಳಿಗೆ ತಲೆಗೇರುವುದುಂಟು, ಈಗಲೇ ನಿಲ್ಲಿಸಿ ಎಂದರು. ಬಾಯಿ ಒಣಗುತ್ತಿದೆ ಎಂದು ಮೊದಲೇ ಬಂದು ಹೇಳಬಾರದಿತ್ತೇ ಎಂದೂ ಕೇಳಿದರು. ಗುಳಿಗೆ ನಿಂತಿತು. ಕೆಲವೇ ದಿನಗಳಲ್ಲಿ ದಾನವ್ವ ಮೊದಲಿನಂತಾಗಿ, ಹಳೆಯ ಲಿಂಗವನ್ನು ತಾನೇ ಜೋಳದ ಹಿಟ್ಟಿನ ಡಬ್ಬಿಯಿಂದ ತೆಗೆದು ಕಣ್ಣಿಗೊತ್ತಿಕೊಂಡು ಅತ್ತಳು. ಗಂಗಾದೇವಿ ನಡೆದದ್ದೆಲ್ಲ ಬಿಡಿಸಿ ಹೇಳಿದಳು. ಮಗನನ್ನೇ ಯಾರ ಪೈಕಿ ಎಂದು ಕೇಳಿದ್ದನ್ನೂ ಮುಚ್ಚಿಡಲಿಲ್ಲ. ದಾನವ್ವ ಎಲ್ಲ ಕೇಳಿಸಿಕೊಂಡು ಕೈ ಚಾಚಿದಳು.

"ಆ ಗುಳಿಗಿ ಕೊಡವ್ವಾ."

"ಏನಂತೀರಿ ಅತ್ತಿ?"

"ಬುದ್ಧಿ ಹೋದ್ರ ನಿಮಗ ಗೊತ್ತಾಗ್ತದ, ನನಗೇನೂ ಗೊತ್ತಾಗಂಗಿಲ್ಲ. ಸೀರಿ ತೊಯ್ದ್ರ ನನಗ ಗೊತ್ತಾಗ್ತದ."

ಇರುವೆ ಕಂಡ ದಿನವೂ ಗಂಗಾದೇವಿ ಇಷ್ಟು ಬೆಚ್ಚಿರಲಿಲ್ಲ. ಅತ್ತೆಯ ಚಾಚಿದ ಕೈ ಹಿಡಿದುಕೊಂಡಳು. ಆಮೇಲೆ ಎದ್ದು ಗುಳಿಗೆಗಳನ್ನೆಲ್ಲ ಮೋರಿಗೆ ಸುರಿದು, ಪೂಜೆಯ ನೀರಿನ ಕೊಡವನ್ನು ಬಚ್ಚಲಿನಿಂದ ಅಡುಗೆಮನೆಗೆ ತಂದಿಟ್ಟಳು. ಇನ್ನು ಮಡಿ ಸ್ನಾನ ಒಲೆಯ ಪಕ್ಕ, ಬಚ್ಚಲು ನಿಮ್ಮದು ಎಂದಳು.

ಮುಂದಿನ ಭಾನುವಾರ ಬೀಗತನದವರು ಬಂದರು. ಮಾತಿನ ನಡುವೆ ದಾನವ್ವ ತಟಕ್ಕನೆ ಎದ್ದು ಬಚ್ಚಲಿಗೆ ನುಗ್ಗಿದಳು. ಗಂಗಾದೇವಿ ಬಾಗಿಲು ಎಳೆದು ಅದಕ್ಕೆ ಬೆನ್ನು ಕೊಟ್ಟು ನಿಂತಳು. ಬಂದವರು ಮಿಕಿಮಿಕಿ ನೋಡುತ್ತಿದ್ದಂತೆ ಒಳಗಿನಿಂದ ದನಿ ಬಂತು.

"ಆ ಸಂಬಂಧ ಬ್ಯಾಡ್ರಿ. ಬೆಡಗು ಒಂದ ಆಗ್ತದ."