ಮೀಟರಕ್ಕ ಕಾರು ಅಳೆದದ್ದು

ಡೈರಿಗೆ ಹಾಲು ತರುವವರು ಆಕೆಗೆ ಇಟ್ಟ ಹೆಸರು ಮೀಟರಕ್ಕ. ಎದುರಿಗೆ ಕರೆಯುವ ಧೈರ್ಯ ಯಾರಿಗೂ ಇಲ್ಲ, ಬೆನ್ನ ಹಿಂದೆ ಮಾತ್ರ. ಲ್ಯಾಕ್ಟೋಮೀಟರ್ ಎಂಬ ಗಾಜಿನ ಬುರುಡೆಯನ್ನು ಹಾಲಿಗೆ ಇಳಿಬಿಟ್ಟು, ಅದು ಎಷ್ಟು ಮುಳುಗಿತು ಎಂದು ನೋಡಿ, ಹಾಲಿಗೆ ನೀರು ಸೇರಿದೆಯೋ ಇಲ್ಲವೋ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವುದು ಆಕೆಯ ಕೆಲಸ. ಇಪ್ಪತ್ತೊಂದು ವರ್ಷದಿಂದ ಅದೇ ಮೇಜು, ಅದೇ ಕುರ್ಚಿ. ಕ್ಯಾನಿನ ಮೇಲ್ಭಾಗದ ಹಾಲನ್ನು ಆಕೆ ಪರೀಕ್ಷೆಗೆ ತೆಗೆದುಕೊಂಡವಳಲ್ಲ. ಕೆನೆಯೆಲ್ಲ ಮೇಲೆ ನಿಂತಿರುತ್ತದೆ, ತಳದವರೆಗೆ ಕಲಕಿಯೇ ತೆಗೆಯಬೇಕು. ಮಾರುವವನು ತನ್ನ ಬಾಟಲಿಯಲ್ಲಿ ಬೇರೆಯಾಗಿ ತಂದುಕೊಟ್ಟರೆ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಗುರುತು ಓದುವಾಗ ಕಣ್ಣು ಅದರ ಸಮಕ್ಕೆ ಬರಬೇಕು ಎಂದು, ಕುಳ್ಳಗಿರುವ ಆಕೆ ದಿನಕ್ಕೆ ನೂರು ಸಲವಾದರೂ ತುದಿಗಾಲಲ್ಲಿ ನಿಲ್ಲುತ್ತಾಳೆ. ಹೊಸಬರಿಗೆ ಆಕೆ ಕಲಿಸುವ ಪಾಠವೂ ಚಿಕ್ಕದು: ರೀಡಿಂಗ್ ಕಮ್ಮಿ ಬಂದರೆ ನೀರು ಹಾಕಿದ್ದಾರೆ, ತೀರಾ ಚೆನ್ನಾಗಿ ಬಂದರೆ ಸಕ್ಕರೆ ಹಾಕಿದ್ದಾರೆ.

ಡೈರಿ ಊರೊಳಗಿದ್ದಾಗ ಆಕೆ ನಡೆದೇ ಹೋಗಿ ಬರುತ್ತಿದ್ದಳು. ಎರಡು ವರ್ಷದ ಹಿಂದೆ ಅದನ್ನು ಮೂವತ್ತನಾಲ್ಕು ಕಿಲೋಮೀಟರ್ ಆಚೆಗೆ ಎತ್ತಿಕೊಂಡು ಹೋದರು. ಕೆಲಸದವರಿಗೆಂದು ಒಂದು ವ್ಯಾನ್ ಇಟ್ಟರು, ಆಮೇಲೆ ಅದನ್ನೂ ನಿಲ್ಲಿಸಿದರು. ಬೆಳಗಿನ ಮೊದಲ ಬಸ್ಸನ್ನು ನಂಬಿಕೊಂಡರೆ ಅದು ತನಗೆ ಮನಸ್ಸಾದಾಗ ಬಂತು, ಬೇಡವೆನಿಸಿದಾಗ ಬರಲಿಲ್ಲ. ಒಂದೇ ತಿಂಗಳಲ್ಲಿ ಎರಡು ಸಲ ತಡವಾಯಿತು. ಮ್ಯಾನೇಜರ್ ಕರೆಸಿ, ಐದೂವರೆಗೆ ಮೇಜಿನ ಮುಂದೆ ಇರಲಾಗದವರನ್ನು ಅಲ್ಲಿ ಇಟ್ಟುಕೊಳ್ಳುವುದು ಹೇಗೆ, ಇನ್ನೊಂದು ಸಲ ತಡವಾದರೆ ಪ್ಯಾಕಿಂಗ್ ವಿಭಾಗಕ್ಕೆ ಹೋಗಬೇಕಾಗುತ್ತದೆ ಎಂದ. ಪ್ಯಾಕಿಂಗ್ ಎಂದರೆ ಯಂತ್ರದಿಂದ ಬೀಳುವ ಪ್ಯಾಕೆಟ್ಟುಗಳನ್ನು ಕ್ರೇಟಿಗೆ ತುಂಬುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ! ಡೈರಿಯನ್ನು ದೂರ ಒಯ್ದವರು ಇವರು, ವ್ಯಾನ್ ನಿಲ್ಲಿಸಿದವರು ಇವರು, ಶಿಕ್ಷೆ ಮಾತ್ರ ಇಪ್ಪತ್ತೊಂದು ವರ್ಷ ಒಂದು ದಿನವೂ ತಪ್ಪು ಓದದವಳಿಗೆ. ಆಕೆಯ ಪಿತ್ತ ನೆತ್ತಿಗೇರಿತು, ಆದರೂ ಆಯಿತು ಸರ್ ಎಂದು ಬಂದಳು.

ಹಾಲಿನ ಟ್ಯಾಂಕರ್ ಓಡಿಸುವವನನ್ನು ಕಾಡಿ ಬೇಡಿ ಅವನ ಪಕ್ಕದಲ್ಲಿ ಒಂದು ಸೀಟು ಗಿಟ್ಟಿಸಿದಳು. ಅವನಿಗೋ ಇನ್ನು ಎರಡೇ ವಾರ ಈ ರಸ್ತೆ, ಆಮೇಲೆ ಬೇರೆ ಕಡೆ. ಅಷ್ಟರಲ್ಲಿ ಒಂದು ಕಾರು ಆಗಬೇಕು. ನಲವತ್ತೇಳರ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, ಮೊದಲ ಸಲಕ್ಕೇ ಲೈಸೆನ್ಸ್ ತೆಗೆದುಕೊಂಡಿದ್ದಳು. ಸಂಬಳದಲ್ಲಿ ಉಳಿಸಿದ ಹಣವೂ ಒಂದಿಷ್ಟಿತ್ತು. ಬೆಲೆ ಕಮ್ಮಿ ಇರಬೇಕು, ಪೆಟ್ರೋಲ್ ಕಮ್ಮಿ ಕುಡಿಯಬೇಕು, ಬೆಳಗ್ಗೆ ನಾಲ್ಕೂವರೆಗೆ ಕೈಕೊಡದೆ ಹೊರಡಬೇಕು. ಆಕೆ ಕೇಳಿದ್ದು ಇಷ್ಟೇ.

ಆದರೆ ಆಕೆಯನ್ನು ಕೇಳಿದವರು ಯಾರು? ಕಾರಿನ ಸುದ್ದಿ ಹೊರಬಿದ್ದದ್ದೇ ತಡ, ಬಂದವರೆಲ್ಲ ನೇರವಾಗಿ ಮುಂದಿನ ಕೋಣೆಗೆ ಹೋಗಿ ಆಕೆಯ ಗಂಡನನ್ನು ಮಾತಾಡಿಸಿದರು. ಅವನು ಟೈಲರ್. ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಾನೆ. ಸೈಕಲ್ಲನ್ನೂ ತಳ್ಳಿಕೊಂಡು ಹೋಗುವ ಮನುಷ್ಯ. ಬಾಯಲ್ಲಿ ಸದಾ ನಾಲ್ಕು ಗುಂಡುಸೂಜಿ ಕಚ್ಚಿಕೊಂಡಿರುತ್ತಾನೆ, ಹಾಗಾಗಿ ಮಾತಾಡದೆ ಇರಲು ಅವನಿಗೆ ಯಾವಾಗಲೂ ಒಂದು ಕಾರಣ ಇರುತ್ತದೆ. ಯಾವ ಕಾರು ತಗೊಳ್ತಿದ್ದೀಯ ಎಂದು ಎದುರುಮನೆಯವರು ಅವನನ್ನು ಕೇಳಿದರು, ಬಟನ್ ಮಾರುವವನು ಕೇಳಿದ. ಅವನು ಎಲ್ಲರಿಗೂ ತಲೆ ಆಡಿಸಿದ. ಒಳಗೆ ಪಾತ್ರೆ ತೊಳೆಯುತ್ತಿದ್ದ ಮೀಟರಕ್ಕನಿಗೆ ಮೈಯೆಲ್ಲ ಉರಿಯಿತು. ಓಡಿಸುವವಳು ನಾನು, ದುಡ್ಡು ನನ್ನದು, ಹೋಗಬೇಕಾದ ದಾರಿ ನನ್ನದು, ಸಲಹೆ ಮಾತ್ರ ಈ ಸೂಜಿ ಕಚ್ಚಿಕೊಂಡವರಿಗೆ ಎಂದು ಪಾತ್ರೆಗಳ ಹತ್ತಿರ ಹೇಳಿಕೊಂಡಳು.

ಎಲ್ಲರಿಗಿಂತ ದೊಡ್ಡ ಸಲಹೆಗಾರ ಭಾವ, ಗಂಡನ ಅಣ್ಣ. ಪಕ್ಕದ ಬೀದಿಯಲ್ಲಿ ಪೇಂಟಿನ ಅಂಗಡಿ ಇಟ್ಟವನು. ಇದುವರೆಗೆ ಮೂರು ಕಾರು ಬದಲಾಯಿಸಿದವನು, ಆದ್ದರಿಂದ ಕಾರಿನ ವಿಷಯದಲ್ಲಿ ತನ್ನ ಮಾತೇ ಕೊನೆ ಎಂದುಕೊಂಡವನು. ಸಣ್ಣ ಕಾರು ಸಂಸಾರಸ್ಥರಿಗೆ ಶೋಭೆಯಲ್ಲ, ನಾಲ್ಕು ಜನ ನೋಡಿದರೆ ಯಾರ ಮನೆಯದು ಎಂದು ಕೇಳುವ ಹಾಗಿರಬೇಕು ಎಂಬುದು ಅವನ ವಾದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಬೇಕು ಅವನಿಗೆ, ಅದೂ ಬೇರೆಯವರ ಜುಟ್ಟಿಗೆ, ಬೇರೆಯವರ ದುಡ್ಡಿನಲ್ಲಿ.

ಭಾನುವಾರ ಅವನೇ ಇಬ್ಬರನ್ನೂ ಷೋರೂಮಿಗೆ ಕರೆದುಕೊಂಡು ಹೋದ. ಅಲ್ಲಿ ಟೈ ಕಟ್ಟಿದ ಸೇಲ್ಸ್‌ಮನ್ ಒಬ್ಬ ಎತ್ತರದ ಬೆಳ್ಳಿ ಬಣ್ಣದ ಕಾರಿನ ಬಾಗಿಲು ತೆಗೆದು ಭಾವನಿಗೆ ಸ್ಟೀರಿಂಗ್ ತೋರಿಸಿದ, ಗಂಡನಿಗೆ ಡಿಕ್ಕಿ ತೋರಿಸಿದ. ಆಕೆಗೆ ತೋರಿಸಿದ್ದು ಸೀಟಿನ ಬಟ್ಟೆ. ಮೈಲೇಜ್ ಎಷ್ಟು ಎಂದು ಆಕೆ ಕೇಳಿದರೆ, ಲೀಟರಿಗೆ ಇಪ್ಪತ್ತಾರು ಸರ್ ಎಂದು ಭಾವನಿಗೆ ಉತ್ತರ ಕೊಟ್ಟ. ಯಾರು ಅಳೆದದ್ದು ಎಂದು ಕೇಳಿದಳು. ಕಂಪನಿಯವರೇ ಮೇಡಂ ಎಂದು ನಕ್ಕ.

"ನಮ್ಮ ಡೈರಿಗೆ ಬರೋ ಹಾಲಿನವರೂ ಮನೇಲೇ ಅಳೆದುಕೊಂಡು ಬರ್ತಾರೆ," ಎಂದಳು ಮೀಟರಕ್ಕ. "ಹಾಗಂತ ನಾನು ಮೇಜು ಎತ್ತಿಟ್ಟು ಮನೆಗೆ ಹೋಗಲ್ಲ."

ಓಡಿಸಿ ನೋಡಲು ಕೊಡುತ್ತೇವೆ ಎಂದರು. ಕೊಟ್ಟದ್ದು ಮುಂದಿನ ಸರ್ಕಲ್‌ವರೆಗೆ ಹೋಗಿ ಬರಲು, ಎರಡು ಕಿಲೋಮೀಟರ್, ಕನ್ನಡಿಯಂಥ ರಸ್ತೆ. ಅದು ಕ್ಯಾನಿನ ಮೇಲಿನ ಕೆನೆ. ತನ್ನ ದಾರಿ ಬೇರೆ, ಏರು ಇದೆ, ಗುಂಡಿ ಇದೆ, ರೈಲ್ವೆ ಗೇಟು ಇದೆ, ಆ ದಾರಿಯಲ್ಲಿ ಹೋಗಿ ಬಂದು ನೋಡುತ್ತೇನೆ. ಹೋಗುವಾಗ ಟ್ಯಾಂಕ್ ತುಂಬಿಸೋಣ, ಬಂದು ಮತ್ತೆ ತುಂಬಿಸೋಣ, ಎರಡನೆಯ ಸಲ ಎಷ್ಟು ಹಿಡಿಯಿತೋ ಅಷ್ಟು ಕುಡಿದ ಹಾಗೆ ಎಂದು ಆಕೆ ವಿವರಿಸಿದಳು. ಸೇಲ್ಸ್‌ಮನ್ ಭಾವನ ಮುಖ ನೋಡಿದ. ಭಾವ ಸೇಲ್ಸ್‌ಮನ್ ಮುಖ ನೋಡಿದ. ಇಬ್ಬರೂ ಸೇರಿ ನಕ್ಕರು. ಆ ನಗೆಯನ್ನು ಆಕೆ ಬಹಳ ದಿನ ಮರೆಯಲಿಲ್ಲ.

ಗಂಡ ನಗಲಿಲ್ಲ, ಆದರೆ ಮಾತೂ ಆಡಲಿಲ್ಲ. ಅವನ ಬಾಯಲ್ಲಿ ಆವತ್ತು ಸೂಜಿ ಕೂಡ ಇರಲಿಲ್ಲ.

ಟ್ಯಾಂಕರ್ ಬರುವ ತನಕ ಆಕೆ ಕಾಯುತ್ತಿದ್ದದ್ದು ಒಂದು ಪೆಟ್ರೋಲ್ ಬಂಕಿನ ಎದುರು. ಮರುದಿನದಿಂದ ರಸ್ತೆ ದಾಟಿ ಬಂಕಿನೊಳಗೇ ನಿಂತಳು. ಬಂದ ಸಣ್ಣ ಕಾರಿನವರನ್ನೆಲ್ಲ ವಿಚಾರಿಸಿದಳು: ಎಷ್ಟು ಕೊಡುತ್ತದೆ, ಏರಿನಲ್ಲಿ ಹೇಗೆ, ಚಳಿಯಲ್ಲಿ ಬೇಗ ಸ್ಟಾರ್ಟ್ ಆಗುತ್ತದೆಯೋ. ಕೆಲವರು ಜಂಬ ಕೊಚ್ಚಿಕೊಂಡರು, ಕೆಲವರು ಗೊತ್ತಿಲ್ಲ ಎಂದರು. ಒಬ್ಬ ನರ್ಸಮ್ಮ ಮಾತ್ರ ಕಾರಿನಿಂದ ಇಳಿದು ನಿಂತು ಮಾತಾಡಿದಳು. ಮಾಸಲು ಹಳದಿ ಬಣ್ಣದ, ಎಂಟು ವರ್ಷ ಹಳೆಯ, ಪುಟ್ಟ ಕಾರು. ಡೈರಿ ದಾಟಿ ಇನ್ನೂ ಎರಡು ಮೈಲಿ ಆಚೆಯ ಆಸ್ಪತ್ರೆಗೆ ಅದರಲ್ಲೇ ಓಡಾಡುತ್ತಿದ್ದಳು. ಈಗ ಮನೆಯ ಹತ್ತಿರದ ಆಸ್ಪತ್ರೆಗೆ ವರ್ಗವಾಗಿದೆ, ಕಾರು ಮಾರುತ್ತೇನೆ ಎಂದಳು.

"ಮೊದಲು ನೀವೇ ಓಡ್ಸಿ ನೋಡಿ ಅಕ್ಕ. ನಿಮ್ಮ ದಾರೀಲೇ ಓಡ್ಸಿ," ಎಂದು ಕೀಲಿ ಕೊಟ್ಟಳು. ಹತ್ತು ದಿನದಲ್ಲಿ ಒಬ್ಬರು ತನ್ನನ್ನು ನೀವೇ ಎಂದದ್ದು ಅದೇ ಮೊದಲು. ಆವತ್ತು ಸಂಜೆ ಇಬ್ಬರೂ ಹೋಗಿ ಬಂದರು. ಟ್ಯಾಂಕಿನ ಕುತ್ತಿಗೆಯವರೆಗೆ ತುಂಬಿಸಿ ಹೊರಟು, ಬಂದು ಮತ್ತೆ ಕುತ್ತಿಗೆಯವರೆಗೆ ತುಂಬಿಸಿದರೆ, ಲೀಟರಿಗೆ ಇಪ್ಪತ್ತೊಂದು ಬಿದ್ದಿತ್ತು. ತೀರಾ ಚೆನ್ನಾಗಿಯೂ ಇಲ್ಲ, ಕಮ್ಮಿಯೂ ಇಲ್ಲ. ಒಳ್ಳೆಯ ಹಾಲಿನ ಲಕ್ಷಣ ಎಂದುಕೊಂಡು ಮನೆಗೆ ಬಂದಳು.

ಮನೆಯಲ್ಲಿ ಭಾವ ಕೂತಿದ್ದ. ಬೆಳ್ಳಿ ಕಾರಿಗೆ ತಾನೇ ಮುಂಗಡ ಕೊಟ್ಟು ಬಂದಿದ್ದೇನೆ, ತಮ್ಮನ ಹೆಸರಿನಲ್ಲಿ ಬರೆಸಿದ್ದೇನೆ, ಉಳಿದದ್ದನ್ನು ನೀವು ಕಟ್ಟಿದರೆ ಆಯಿತು ಎಂದ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಕೆಲಸ ಇದು. ಹಳದಿ ಕಾರಿನ ಸುದ್ದಿ ಹೇಳಿದರೆ, ಎಂಟು ವರ್ಷದ ಡಬ್ಬಿಯೇ ಎಂದು ಮೂಗು ಮುರಿದ. ಬೆಳ್ಳಿ ಕಾರನ್ನು ತನ್ನ ದಾರಿಯಲ್ಲಿ ಅಳೆಯದೆ ಒಂದು ಕಾಸೂ ಬಿಚ್ಚುವುದಿಲ್ಲ ಎಂದು ಮೀಟರಕ್ಕ ಹಟ ಹಿಡಿದಳು. ಅಷ್ಟೇ ತಾನೇ, ಅಳೆಯಲಿ, ಬಾಯಿ ಮುಚ್ಚುತ್ತದೆ ಎಂದು ಭಾವ ಷೋರೂಮಿಗೆ ಫೋನ್ ಮಾಡಿದ.

ಆಕೆಯ ರಜೆಯ ದಿನ ಬೆಳಗ್ಗೆ ನಾಲ್ಕೂವರೆಗೆ ಬಂಕಿನಲ್ಲಿ ಸೇರಿದರು. ಸೇಲ್ಸ್‌ಮನ್ ತಾನೇ ಮುಂದೆ ನಿಂತು, ಕಾರನ್ನು ಅತ್ತಿತ್ತ ಅಲುಗಾಡಿಸಿ ಅಲುಗಾಡಿಸಿ, ಪೆಟ್ರೋಲ್ ಕುತ್ತಿಗೆಗೆ ಬಂದು ನಿಲ್ಲುವ ತನಕ ಹಾಕಿಸಿದ. ಆಕೆ ಟಾರ್ಚ್ ಬಿಟ್ಟು, ತುದಿಗಾಲಲ್ಲಿ ನಿಂತು ನೋಡಿದಳು. ಸರಿ ಎಂದಳು. ದಾರಿಯುದ್ದಕ್ಕೂ ಭಾವ ಪಕ್ಕದಲ್ಲಿ ಕೂತು ಗೇರ್ ಬದಲಾಯಿಸು, ಹಾರ್ನ್ ಹೊಡಿ, ಹೆದರಬೇಡ ಎಂದು ಹೇಳುತ್ತಲೇ ಇದ್ದ. ಆಕೆಗೆ ಬಾನೆಟ್ಟಿನ ತುದಿಯೇ ಕಾಣುತ್ತಿರಲಿಲ್ಲ. ಹಿಂದೆ ಸೇಲ್ಸ್‌ಮನ್ ನಿದ್ದೆ ಹೊಡೆಯುತ್ತಿದ್ದ, ಅವನ ಪಕ್ಕ ಗಂಡ ಮಡಿಲಲ್ಲಿ ಕೈ ಇಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದ. ಹೋಗಿ ಬಂದದ್ದು ಅರವತ್ತೆಂಟು ಕಿಲೋಮೀಟರ್.

ಬಂಕಿಗೆ ವಾಪಸ್ ಬಂದು ಪೈಪ್ ಹಾಕಿದರು. ಎರಡೂವರೆ ಲೀಟರ್ ಆಗುತ್ತಿದ್ದಂತೆ ಪೈಪು ಟಕ್ಕೆಂದು ತಾನೇ ನಿಂತಿತು. ಸೇಲ್ಸ್‌ಮನ್ ಅದನ್ನು ಚಕ್ಕನೆ ತೆಗೆಸಿ ಮುಚ್ಚಳ ತಿರುಗಿಸಿದ. ಫುಲ್ ಸರ್, ಲೆಕ್ಕ ಹಾಕಿ, ಇಪ್ಪತ್ತೇಳು, ಕಂಪನಿ ಹೇಳಿದ್ದಕ್ಕಿಂತ ಒಂದು ಜಾಸ್ತಿ ಎಂದ. ಭಾವ ತಮ್ಮನ ಬೆನ್ನು ತಟ್ಟಿದ. ಈಗೇನು ಹೇಳುತ್ತೀಯಮ್ಮಾ ಎಂದು ಆಕೆಯ ಕಡೆ ತಿರುಗಿದ.

ಈ ದಾರಿಯಲ್ಲಿ, ಈ ಗಾತ್ರದ ಕಾರಿಗೆ ಇಪ್ಪತ್ತೇಳು! ಇಪ್ಪತ್ತೊಂದು ವರ್ಷ ಸಕ್ಕರೆ ಹಾಕಿದ ಹಾಲು ಕಂಡವಳಿಗೆ ಇಷ್ಟು ಗೊತ್ತಾಗದೆ ಇರುತ್ತದೆಯೇ? ಮೀಟರಕ್ಕ ಮುಚ್ಚಳ ಬಿಚ್ಚಿದಳು, ಟಾರ್ಚ್ ಬಿಟ್ಟಳು. ಬೆಳಗ್ಗೆ ಕುತ್ತಿಗೆಯಲ್ಲಿ ಮಿಂಚುತ್ತಿದ್ದ ಪೆಟ್ರೋಲ್ ಈಗ ಕಾಣಲೇ ಇಲ್ಲ.

"ಎಲ್ಲಿಂದ ಶುರು ಮಾಡಿದ್ವೋ ಅಲ್ಲೀವರೆಗೆ ಹಾಕಿ," ಎಂದು ಬಂಕಿನವನಿಗೆ ಹೇಳಿದಳು. ಸೇಲ್ಸ್‌ಮನ್ ಅಡ್ಡ ಬಂದ. ಟಕ್ಕೆಂದ ಮೇಲೆ ಹಾಕಬಾರದು, ಅದು ನಿಯಮ ಎಂದ. ಬೆಳಗ್ಗೆ ಈ ನಿಯಮ ಎಲ್ಲಿ ಹೋಗಿತ್ತು ಎಂದು ಆಕೆ ಕೇಳಿದಳು. ಅವನು ಪಕ್ಕಕ್ಕೆ ಸರಿದ. ಬಂಕಿನವನು ನಿಧಾನವಾಗಿ ಹಾಕಿದ. ಅಲುಗಾಡಿಸಿ ಹಾಕಿದ. ಎರಡು ಲೀಟರ್ ಹಿಡಿಯಿತು. ಒಟ್ಟು ನಾಲ್ಕೂವರೆ. ಅರವತ್ತೆಂಟನ್ನು ನಾಲ್ಕೂವರೆಯಿಂದ ಭಾಗಿಸಿದರೆ ಎಷ್ಟು ಎಂದು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಹದಿನೈದು.

ಭಾವನಿಗೆ ಆಗಲೂ ನಾಚಿಕೆಯಾಗಲಿಲ್ಲ. ಎರಡು ಲೀಟರ್ ಆಚೆ ಈಚೆ ಆಯಿತು, ಅದಕ್ಕೆಲ್ಲ ರಂಪ ಮಾಡುವುದೇ, ನಾನು ಮಾತು ಕೊಟ್ಟಾಗಿದೆ, ನನ್ನ ಮರ್ಯಾದೆ ಏನಾಗಬೇಕು ಎಂದ. ಸೇಲ್ಸ್‌ಮನ್ ಕೂಡ ಬಿಡಲಿಲ್ಲ. ಕಾರು ಬರೆಸಿರುವುದು ಸಾರ್ ಹೆಸರಿನಲ್ಲಿ, ಅವರೇ ಹೇಳಲಿ ಎಂದು ಕಾರಿನ ಕೀಲಿಯನ್ನು ಟೈಲರನ ಕೈಗೆ ಹಿಡಿಸಿದ. ಆಕೆ ಗಂಡನ ತಲೆಯನ್ನೇ ನೋಡುತ್ತ ನಿಂತಳು. ಈಗ ಇವನು ತಲೆ ಆಡಿಸಿದರೆ ತನ್ನ ಹಣ, ತನ್ನ ಮೇಜು ಎರಡೂ ಹೋದ ಹಾಗೆ. ಈ ಕುಡುಕ ಕಾರಿಗೆ ತಿಂಗಳ ಹದಿನೈದನೆಯ ದಿನದ ನಂತರ ಪೆಟ್ರೋಲ್ ಹಾಕಿಸುವುದಕ್ಕೆ ಆಕೆಯ ಸಂಬಳ ಸಾಲದು.

ಟೈಲರ್ ಕೀಲಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ಅಣ್ಣನ ಕಡೆ ತಿರುಗಿದ.

"ಅಣ್ಣಾ, ಅಂಗಿ ಹೊಲಿಯೋಕೆ ಮುಂಚೆ ಅದನ್ನ ತೊಡೋರ ಅಳತೆ ತಗೋಬೇಕು. ನಾವು ಇಷ್ಟು ದಿನ ನಿನ್ನ ಅಳತೆ ತಗೊಂಡು ಇವಳಿಗೆ ಹೊಲೀತಾ ಇದೀವಿ," ಎಂದ. "ನಂಗೆ ಓಡ್ಸೋಕೂ ಬರಲ್ಲ. ಈ ಕಾರು ಬೇಡ."

ಕೀಲಿಯನ್ನು ಬಾನೆಟ್ಟಿನ ಮೇಲೆ ಇಟ್ಟುಬಿಟ್ಟ. ಭಾವ ಮುಖ ಊದಿಸಿಕೊಂಡು ಆಟೋ ಹಿಡಿದು ಹೋದ.

ಕಥೆಗಳಲ್ಲಾದರೆ ಆಕೆಯ ಸಿಟ್ಟೆಲ್ಲ ಆ ಕ್ಷಣದಲ್ಲೇ ಇಳಿಯಬೇಕಿತ್ತು. ಇಳಿಯಲಿಲ್ಲ. ಮನೆಗೆ ನಡೆದು ಬರುವ ದಾರಿಯುದ್ದಕ್ಕೂ ಗಂಡನಿಗೆ ಮಂಗಳಾರತಿ ಎತ್ತಿದಳು. ಇಷ್ಟು ದಿನ ಈ ಬಾಯಿ ಎಲ್ಲಿಗೆ ಹೋಗಿತ್ತು, ಷೋರೂಮಿನಲ್ಲಿ ಅವರು ನಗುವಾಗ ಎಲ್ಲಿತ್ತು, ನಾನು ಕಂಡವರನ್ನೆಲ್ಲ ಬಂಕಿನಲ್ಲಿ ನಿಲ್ಲಿಸಿ ಕೇಳುವಾಗ ಎಲ್ಲಿತ್ತು? ಅವನು ಎಲ್ಲವನ್ನೂ ಕೇಳಿಸಿಕೊಂಡ. ತಪ್ಪಾಯಿತು ಎಂದ. ಅದಕ್ಕೂ ಆಕೆ ಬೈದಳು.

ಹಳದಿ ಕಾರು ಮನೆ ಮುಂದೆ ಬಂದು ನಿಂತದ್ದು ಟ್ಯಾಂಕರಿನವನ ಕೊನೆಯ ದಿನ. ಸಂಜೆ ಟೈಲರ್ ಕೊರಳಲ್ಲಿ ಟೇಪು ನೇತುಹಾಕಿಕೊಂಡು ಹೊರಗೆ ಬಂದ. ಒಂದು ನಿಮಿಷ ಒಳಗೆ ಕೂತುಕೋ ಎಂದ. ಆಕೆ ಕೂತಳು. ಅವನು ಸೀಟಿನಿಂದ ಆಕೆಯ ಕಣ್ಣಿನವರೆಗೆ ಅಳೆದ, ಸ್ಟೀರಿಂಗಿನ ಮೇಲಂಚಿನವರೆಗೆ ಅಳೆದ, ಬೆನ್ನಿನ ಅಗಲ ಅಳೆದ. ರಸ್ತೆ ಎಲ್ಲಿಂದ ಕಾಣಿಸುತ್ತದೆ ಎಂದು ಕೇಳಿ ಅಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿದ. ಕಣ್ಣು ಗುರುತಿನ ಸಮಕ್ಕೆ ಬರಬೇಕಲ್ಲ ಎಂದ. ಅದು ಆಕೆಯದೇ ಮಾತು. ಅವನು ಯಾವಾಗ ಕೇಳಿಸಿಕೊಂಡಿದ್ದನೋ. ಈ ಕಾರಿನ ಗಲಾಟೆಯಲ್ಲಿ ಯಾರಾದರೂ ಆಕೆಯ ಮೈ ಅಳತೆ ನೋಡಿದ್ದು ಆವತ್ತೇ. ಆಕೆಗೆ ಅಳು ಬಂತು, ಅಳು ಬಂದದ್ದಕ್ಕೂ ಸಿಟ್ಟು ಬಂತು. ಅವನು ಯೂನಿಫಾರಂ ಬಟ್ಟೆಯಲ್ಲೇ ನಾಲ್ಕು ಬೆರಳು ದಪ್ಪದ ದಿಂಬು ಹೊಲಿದು, ಮಲಗುವ ಮುಂಚೆ ಸೀಟಿನ ಮೇಲೆ ಇಟ್ಟು ಬಂದ.

ಮರುದಿನ ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ಹಳದಿ ಕಾರು ಡೈರಿಯ ಗೇಟು ದಾಟಿತು. ಮ್ಯಾನೇಜರ್ ಗಡಿಯಾರ ನೋಡುತ್ತ ಬಾಗಿಲಲ್ಲೇ ನಿಂತಿದ್ದ, ಪ್ಯಾಕಿಂಗಿನ ಕಾಗದ ಟೈಪ್ ಮಾಡಿಸಿಟ್ಟು ಕಾಯುತ್ತಿದ್ದವನ ಹಾಗೆ. ಕಾರಿನಿಂದ ಇಳಿದವಳನ್ನು ನೋಡಿ ಅವನ ಮುಖ ಸ್ವಲ್ಪ ಸಣ್ಣಗಾಯಿತು. ಪರೀಕ್ಷೆಯ ಕೋಣೆಯವರೆಗೂ ಹಿಂದೆಯೇ ಬಂದ.

"ಕಾರು ತಗೊಂಡ್ರಾ? ಯಜಮಾನ್ರು ಕೊಡಿಸಿದ್ರಾ?"

"ಇಲ್ಲ ಸರ್. ಕಾರು ನಾನು ತಗೊಂಡೆ," ಎಂದಳು ಮೀಟರಕ್ಕ. "ಅವರು ಕೊಟ್ಟದ್ದು ದಿಂಬು."

ಅಷ್ಟು ಹೇಳಿ, ಮೊದಲ ಕ್ಯಾನಿನ ಮುಚ್ಚಳ ತೆಗೆದು, ತಳದವರೆಗೆ ಕಲಕತೊಡಗಿದಳು.