ನೆಲದ ಮೇಲಿನ ಹಳದಿ ದೀಪ

ಆ ದೀಪವನ್ನು ನೆಲದ ಮೇಲೆ ಇಟ್ಟವರು ಯಾರು ಎಂಬುದು ನನಗೆ ಈಗಲೂ ಖಚಿತವಿಲ್ಲ. ಇಟ್ಟವರು ನೀವೇ ಎಂದು ಹೆಂಡತಿ ಮಂಜುಳಾ ಹೇಳುತ್ತಾಳೆ. ನನ್ನ ನೆನಪಿನಲ್ಲಿ ಅದನ್ನು ಇಡುತ್ತಿರುವ ಕೈಗಳಲ್ಲಿ ಬಳೆಗಳಿವೆ. ಸಂಖ್ಯಾಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವನು ನಾನು. ಇರುವವನು ಒಬ್ಬನೇ ಸಾಕ್ಷಿ, ಅವನೂ ವಾರಗಟ್ಟಲೆ ನಿದ್ದೆಗೆಟ್ಟವನು ಎಂದಾದರೆ ಅವನ ಮಾತನ್ನು ಎಷ್ಟು ನಂಬಬೇಕೋ ಅಷ್ಟೇ ನಂಬಿ ಇದನ್ನು ಓದಿ. ಇಷ್ಟಂತೂ ನಡೆಯಿತು: ದೀಪ ಹಚ್ಚಿದ ಮರುದಿನ ಸಂಜೆ, ಹೆಸರೂ ಸರಿಯಾಗಿ ಗೊತ್ತಿಲ್ಲದ ಮೂವರು ಹೆಂಗಸರು ನಮ್ಮ ಮನೆಯೊಳಗೆ ಬಂದರು. ಬುತ್ತಿಯ ಗಂಟನ್ನು ಪಕ್ಕಕ್ಕಿಟ್ಟು, ಸೆರಗನ್ನು ಬಾಯಿಗೆ ಹಿಡಿದು, ಗೋಡೆಗೊರಗಿ ಕುಳಿತರು.

ಚಿಕ್ಕಬಳ್ಳಾಪುರ ಬಿಟ್ಟು ವಿಜಯಪುರಕ್ಕೆ ಬಂದು ನಮಗೆ ಆಗ ಐದು ತಿಂಗಳು. ತಿಕೋಟಾ ರಸ್ತೆಯ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ಒಣದ್ರಾಕ್ಷಿಯ ಗುಣಮಟ್ಟ ನೋಡುವ ಕೆಲಸ ನನ್ನದು. ವಾರದಲ್ಲಿ ಎರಡು ದಿನ ಬಿಜ್ಜರಗಿ, ಬಬಲೇಶ್ವರದ ಕಡೆಯ ದ್ರಾಕ್ಷಿ ಒಣಗಿಸುವ ಶೆಡ್ಡುಗಳಿಗೆ ಹೋಗಿ ಮಾಲು ನೋಡಿ ಬರಬೇಕು. ಮನೆ ಜೋರಾಪುರ ಪೇಟೆಯಲ್ಲಿ. ನಮ್ಮ ಕಡೆ ಬಾಡಿಗೆಗೆ ಮನೆ ನೋಡುವಾಗ ಮೊದಲು ಕಿಟಕಿ ನೋಡುತ್ತೇವೆ. ಇಲ್ಲಿನ ಹಳೆಯ ಮನೆಗಳು ಬಿಸಿಲನ್ನು ಹೊರಗೇ ತಡೆಯಲೆಂದು ಕಟ್ಟಿದವು: ಮೊಳ ದಪ್ಪದ ಕಲ್ಲುಗೋಡೆ, ಎದೆಯೆತ್ತರದಲ್ಲೊಂದು ಸಣ್ಣ ಕಿಟಕಿ, ಅದಕ್ಕೆ ಮರದ ಕದ. ನಮ್ಮ ನಡುಮನೆ ಇವರಿಗೆ ಪಡಸಾಲಿ. ನಮಗೆ ಮರವಾದದ್ದು ಇವರಿಗೆ ಗಿಡ. ಮುದ್ದೆ ನುಂಗಿ ಬೆಳೆದ ನಾವು ಖಡಕ್ ರೊಟ್ಟಿಯನ್ನು ಅಗಿಯಲು ಕಲಿತದ್ದೇ ಮೊದಲ ಎರಡು ತಿಂಗಳ ಸಾಧನೆ. ಆಗ ಅದಕ್ಕೆ ನಗುತ್ತಿದ್ದೆವು.

ಇಲ್ಲಿಗೆ ಬಂದ ನಾಲ್ಕನೆಯ ತಿಂಗಳಲ್ಲಿ ಮಂಜುಳಾಳ ಆರು ತಿಂಗಳ ಬಸಿರು ಉಳಿಯಲಿಲ್ಲ. ಆಸ್ಪತ್ರೆಯಿಂದ ಬಟ್ಟೆಯಲ್ಲಿ ಸುತ್ತಿ ಕೊಟ್ಟದ್ದನ್ನು ನಾನು ಮತ್ತು ಅಲ್ಲಿನ ಕೆಲಸದವನೊಬ್ಬ ಊರ ಹೊರಗೆ ಮಣ್ಣು ಮಾಡಿ ಬಂದೆವು. ಎಲ್ಲಿ ಎಂದು ಮಂಜುಳಾ ಒಮ್ಮೆ ಕೇಳಿದಾಗ ಬೇವಿನ ಮರದ ಹತ್ತಿರ ಎಂದೆ. ಅದು ಬೇವೋ ಜಾಲಿಯೋ ನನಗೆ ನಿಜಕ್ಕೂ ಗೊತ್ತಿಲ್ಲ. ಓಣಿಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಲು ಯಾರಿದ್ದರು?

ಅಲ್ಲಿಂದ ಮುಂದೆ ಅವಳು ಮನೆಯಲ್ಲಿ ಟ್ಯೂಬ್‌ಲೈಟ್ ಹಾಕಲು ಬಿಡಲಿಲ್ಲ. "ಆರಿಸಿ ಅದನ್ನ. ಆಸ್ಪತ್ರೆ ಥರ ಇದೆ," ಎನ್ನುವಳು. ಕಿಟಕಿಯ ಕದವನ್ನೂ ಮುಚ್ಚಿಯೇ ಇಡುವಳು. ಸೂರ್ಯ ಇಳಿದನೆಂದರೆ ಇಬ್ಬರೂ ಕತ್ತಲಲ್ಲಿ ಕೂರುತ್ತಿದ್ದೆವು. ಒಂದು ತುತ್ತು, ಎರಡು ತುತ್ತು, ಅಷ್ಟೇ ಊಟ. ಕಡೆಗೆ ಅವಳಣ್ಣ ಫೋನ್ ಮಾಡಿ, ಭಾನುವಾರ ಬಂದು ಕರೆದುಕೊಂಡು ಹೋಗುತ್ತೇನೆ ಎಂದ. ಮತ್ತೆ ಬರುವುದಿಲ್ಲ ಎಂದು ಅವಳೇನೂ ಹೇಳಲಿಲ್ಲ. ಆದರೆ ಸೀರೆಗಳ ಜೊತೆ ಮದುವೆಯ ಪಾತ್ರೆಗಳನ್ನೂ ಗಂಟು ಕಟ್ಟಿದ್ದಳು. ನನ್ನ ಕೈಯಲ್ಲಿ ಆರು ದಿನವಿತ್ತು.

ಮನೆಯ ಬೆಳಕನ್ನು ಬದಲಾಯಿಸುವುದು ಎಂಬ ಯೋಚನೆ ಬಂದದ್ದು ಅವಳ ಅಪ್ಪನ ಸೇವಂತಿಗೆ ತೋಟದಿಂದ. ಇಲ್ಲಿಯವರಿಗೆ ಹೇಳಿದರೆ ನಗುತ್ತಾರೆ, ನಮ್ಮ ಕಡೆಯವರಿಗೆಲ್ಲ ಗೊತ್ತಿದೆ: ಹಗಲು ಚಿಕ್ಕದಾದರೆ ಸೇವಂತಿಗೆ ಮೊಗ್ಗಿಗೆ ಬರುತ್ತದೆ. ಗಿಡ ಬಲಿಯುವ ಮೊದಲೇ ಹೂವಾಗಬಾರದೆಂದು ತೋಟದ ತುಂಬ ಬಲ್ಬು ಉರಿಸಿ ಹಗಲನ್ನು ಉದ್ದ ಮಾಡುತ್ತಾರೆ. ಮಂಜುಳಾಳನ್ನು ನಾನು ಮೊದಲು ನೋಡಿದ್ದು ಆ ಹಳದಿ ಬೆಳಕಿನಲ್ಲಿ. ಅವತ್ತು ಕರೆಂಟೇ ಇರಲಿಲ್ಲ ಎನ್ನುತ್ತಾಳೆ ಅವಳು. ಇರಲಿ.

ಆ ವಾರವೇ ಬಿಜ್ಜರಗಿಯ ಶೆಡ್ಡಿನಲ್ಲಿ ನಾನು ಬಲ್ಬಿನ ಕೆಳಗೆ ನಿಂತು ಒಣದ್ರಾಕ್ಷಿ ನೋಡುತ್ತಿದ್ದಾಗ ತೋಟದ ಯಜಮಾನರು ನಕ್ಕರು. "ಸಾಹೇಬ್ರ, ಹಳದಿ ಬೆಳಕಿನಾಗ ಮಾಲ್ ನೋಡ್ತಾರೇನ್ರಿ? ಕರೀ ಮಾಲೂ ಬಂಗಾರ ಕಂಡಂಗ ಕಾಣ್ತೈತಿ. ನಾ ಮಾರಾಂವ, ನಾ ಹಚ್ತೀನಿ. ನೀವು ನೋಡಾಂವ್ರು, ಹೊರಗ ಬಿಸಿಲಿಗೆ ಬರ್ರಿ."

ನನಗೆ ಬೇಕಿದ್ದದ್ದು ಅದೇ ಮೋಸ. ವಾಪಸು ಬರುತ್ತ ಊರೊಳಗಿನ ಎಲೆಕ್ಟ್ರಿಕ್ ಅಂಗಡಿಗೆ ಹೋದೆ.

"ಯಾವ ಕಲರ್ ಬೇಕ್ರಿ? ಮದುವಿ ಮನಿಗೋ, ಗಣಪತಿಗೋ?"

"ಮನೆಗೆ. ಬೆಚ್ಚಗಿರುವಂಥದ್ದು."

"ಬೆಚ್ಚಗ? ಹೀಟರ್ ಕೇಳಾಕತ್ತೀರೇನು?" ಅಂಗಡಿಯವನು ಹಿಂದಿದ್ದವನತ್ತ ಕಣ್ಣು ಹೊಡೆದ. "ವಾರ್ಮ್ ಅನ್ರಿ ಹಂಗಾರ. ಪಿಓಪಿ ಸೀಲಿಂಗ್ ಒಳಗ ಹಾಕ್ತಾರ ಅದನ್ನ. ಸ್ವಂತ ಮನಿ ಏನ್ರಿ?"

"ಬಾಡಿಗೆ."

"ಬಾಡಿಗಿ ಮನಿಗೆ ಯಾಕಿಷ್ಟ್ ಬಡದಾಡ್ತೀರಿ ಸರ?"

ಅಂಟಿಸುವ ಕಿತ್ತಳೆ ಬಣ್ಣದ ಪಟ್ಟಿ, ರಿಮೋಟ್ ಒತ್ತಿದರೆ ಬಣ್ಣ ಬದಲಿಸುವ ಬಲ್ಬು, ಗುಲಾಬಿ ದೀಪಗಳ ಸರ, ಎಲ್ಲ ತಂದೆ. ಮೂರು ದಿನ ಕೆಲಸದಿಂದ ಬಂದವನೇ ಕುರ್ಚಿ ಹತ್ತಿ ನಿಲ್ಲುತ್ತಿದ್ದೆ. ತಿಳಿಹಸಿರು ಗೋಡೆಗೆ ಕಿತ್ತಳೆ ಬೆಳಕು ಬಿದ್ದು ಕೆಸರಿನ ಬಣ್ಣವಾಯಿತು. ಬಣ್ಣದ ಬಲ್ಬು ಹಾಕಿದಾಗ ಮಂಜುಳಾ ತಲೆಯೆತ್ತಿ, "ಬಾರ್ ಇದ್ದಂಗಿದೆ," ಎಂದಳು. ಆ ವಾರ ಅವಳಾಗಿ ಆಡಿದ ಮೊದಲ ಮಾತು ಅದು. ಅದನ್ನೇ ಗೆಲುವೆಂದು ಎಣಿಸಿಕೊಂಡು ಮತ್ತೆ ಅಂಗಡಿಗೆ ಓಡಿದೆ. ಅಷ್ಟು ಹದಗೆಟ್ಟಿತ್ತು ನನ್ನ ಸ್ಥಿತಿ.

ಕಡೆಗೆ ತಂದದ್ದು ಬಟ್ಟೆಯ ಮುಚ್ಚಳವಿದ್ದ ಒಂದು ಚಿಕ್ಕ ಹಳದಿ ದೀಪ. ಪಡಸಾಲಿಯಲ್ಲಿ ಪ್ಲಗ್ ಇದ್ದದ್ದು ಒಂದೇ ಕಡೆ, ಬಾಗಿಲ ಹಿಂದಿನ ಮೂಲೆಯಲ್ಲಿ, ಕೆಳಗೆ. ನಾನು ಅದನ್ನು ಸ್ಟೂಲಿನ ಮೇಲೆ ಇಟ್ಟೆನೆಂದು ನೆನಪು. ಬೆಳಿಗ್ಗೆ ಅದು ನೆಲದ ಮೇಲಿತ್ತು, ಇನ್ನೂ ಉರಿಯುತ್ತಿತ್ತು. ಅವಳು ಅದರ ಪಕ್ಕ ಮಲಗಿದ್ದಳು. "ಹೊತ್ತಿಗೆ ಮೊದ್ಲೇ ಬರೋ ಹೂವನ್ನಾದ್ರೂ ತಡೀತಿದ್ರು ನಮ್ಮಪ್ಪ," ಎಂದಳು. ಅಥವಾ ಹಾಗೆಂದಳು ಎಂದು ನಾನು ಆಮೇಲೆ ಕಲ್ಪಿಸಿಕೊಂಡೆನೋ ತಿಳಿಯದು.

ಆ ಸಂಜೆಯೇ ಆ ಮೂವರು ಬಂದದ್ದು. ಮುಂದೆ ಕುಳಿತವಳು ಎದುರುಮನೆಯ ನೀಲವ್ವ, ಐವತ್ತು ದಾಟಿದವಳು.

"ದೀಪಾ ಕಂಡ್ತವ್ವಾ, ಬಂದ್ವಿ," ಎಂದಳು. "ಯಾರ್ ಹೋದ್ರು?"

ನನಗೆ ಆಗ ಹೊಳೆಯಿತು. ಜೀವ ಹೋದ ಮನೆಯಲ್ಲಿ ನೆಲದ ಮೇಲೆ ದೀಪ ಇಡುತ್ತಾರೆ. ಒಲೆ ಹಚ್ಚುವುದಿಲ್ಲ, ನೆರೆಯವರು ಬುತ್ತಿ ತರುತ್ತಾರೆ. ನಮ್ಮ ಕಡೆಯೂ ಹೀಗೇ. ನಾಚಿಕೆಯಿಂದ ಎದ್ದು ನಿಂತೆ. "ಇಲ್ಲಮ್ಮ, ತಪ್ಪು ತಿಳಿದಿರಿ. ಇದು ಅಲಂಕಾರಕ್ಕೆ ತಂದದ್ದು..."

"ಅಲಂಕಾರದ್ದು ನೆಲದ ಮ್ಯಾಲ ಯಾರ್ ಇಡ್ತಾರೋ ಯಪ್ಪಾ?" ಎಂದಳು ಹಿಂದಿದ್ದ ಮುದುಕಿ.

"ಸುಮ್ನಿರು ಬೇ," ಎಂದು ನೀಲವ್ವ ಅವಳನ್ನು ತಡೆದು ಮಂಜುಳಾಳನ್ನೇ ನೋಡಿದಳು.

"ನನ್ನ ಮಗು," ಎಂದಳು ಮಂಜುಳಾ.

"ಗಂಡೋ, ಹೆಣ್ಣೋ?"

ಯಾರೂ ಅವಳನ್ನು ಹೀಗೆ ಕೇಳಿರಲಿಲ್ಲ. ನಾನು ಬಟ್ಟೆ ಬಿಚ್ಚಿ ನೋಡಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. "ಹೆಣ್ಣು," ಎಂದಳು. ಆಮೇಲೆ ಅವಳ ಗಂಟಲಿಂದ ಬಂದ ದನಿಯನ್ನು ವಿವರಿಸಲಾರೆ. ನೀಲವ್ವ ಅವಳ ತಲೆಯನ್ನು ತೊಡೆಗೆ ಎಳೆದುಕೊಂಡಳು. "ಅಳವ್ವಾ, ಅಳು. ಇಷ್ಟ್ ದಿನ ಹೆಂಗ ಇಟಗೊಂಡಿದ್ದಿ?" ಬಹಳ ಹೊತ್ತಾದ ಮೇಲೆ ರೊಟ್ಟಿ ಮುರಿದು ಝುಣಕ ಹಚ್ಚಿ ತಾನೇ ಅವಳ ಬಾಯಿಗಿಟ್ಟಳು. ಮಂಜುಳಾ ಒಂದು ರೊಟ್ಟಿ ಪೂರ್ತಿ ತಿಂದಳು. ಹೊರಡುವಾಗ ಮೂವರಲ್ಲಿ ಒಬ್ಬರೂ "ಬರ್ತೀವಿ" ಎನ್ನಲಿಲ್ಲ. ಸಾವಿನ ಮನೆಯಲ್ಲಿ ಹಾಗನ್ನಬಾರದು.

ಭಾನುವಾರ ಅಣ್ಣ ಬಂದ. ಗಂಟುಗಳು ಕಟ್ಟಿಯೇ ಇದ್ದವು. "ಮಗಳು ಇಲ್ಲೇ ಇದ್ದಾಳಲ್ಲಣ್ಣ, ಬಿಟ್ಟು ಹೆಂಗೆ ಬರ್ಲಿ?" ಎಂದಳು ಮಂಜುಳಾ. ಅವನು ನನ್ನನ್ನು ದುರುಗುಟ್ಟಿ ನೋಡಿ, ಚಹಾ ಕುಡಿದು, ಒಬ್ಬನೇ ಹೋದ.

ಅವಳು ಸರಿಹೋಗಿದ್ದಾಳೆಂದು ಹೇಳಲಾರೆ. ಊಟ ಮಾಡುತ್ತಾಳೆ. ಕೆಲವು ದಿನ ಕದ ತೆರೆಯುತ್ತಾಳೆ, ಕೆಲವು ದಿನ ಇಲ್ಲ. ಈ ಊರಿನ ಬಿಸಿಲು ನನಗೆ ಒಗ್ಗಿಲ್ಲ. ಬಸ್ಸಿನಲ್ಲಿ ನಮ್ಮ ಕಡೆಯ ಮಾತು ಕೇಳಿದರೆ ಈಗಲೂ ತಿರುಗಿ ನೋಡುತ್ತೇನೆ. ಊರು ಯಾವುದೆಂದು ಕೇಳಿದವರಿಗೆ ಚಿಕ್ಕಬಳ್ಳಾಪುರ ಎನ್ನುತ್ತೇನೆ. ಮಗಳು ಎಲ್ಲಿದ್ದಾಳೆ ಎಂದು ಯಾರಾದರೂ ಕೇಳಿದರೆ ವಿಜಯಪುರ ಎನ್ನಬೇಕಾಗುತ್ತದೆ. ಎರಡೂ ನಿಜವೇ. ಎರಡನ್ನೂ ಒಟ್ಟಿಗೆ ಹೇಳುವ ವಾಕ್ಯ ಇನ್ನೂ ಸಿಕ್ಕಿಲ್ಲ.

ಕಳೆದ ವಾರ ನೀಲವ್ವನ ಬುತ್ತಿಡಬ್ಬಿ ಮರಳಿಸಲು ಸಂಜೆ ಎದುರುಮನೆಗೆ ಹೋದೆ. ನಮ್ಮ ಪಡಸಾಲಿಯಲ್ಲಿ ಹಳದಿ ದೀಪ ಅದೇ ಜಾಗದಲ್ಲಿ ಉರಿಯುತ್ತಿತ್ತು. ಅವಳ ಹೊಸ್ತಿಲಲ್ಲಿ ನಿಂತು ಹಿಂದಿರುಗಿ ನೋಡಿದೆ. ಅವಳ ಕಟ್ಟೆಯ ಈ ತುದಿಯಿಂದ ನೋಡಿದೆ, ಆ ತುದಿಯಿಂದಲೂ. ಮುದುಕಿಯ ಬಾಗಿಲವರೆಗೂ ನಡೆದು ಅಲ್ಲಿಂದ ನೋಡಿದೆ.

"ಏನ್ ಕಳಕೊಂಡೀರಿ ಸರ?" ಎಂದಳು ನೀಲವ್ವ.

"ಏನಿಲ್ಲಮ್ಮ," ಎಂದೆ.

ಮರುದಿನ ಇನ್ನೊಮ್ಮೆ, ನಮ್ಮ ಬಾಗಿಲನ್ನು ಪೂರ್ತಿ ತೆರೆದಿಟ್ಟು ಪರೀಕ್ಷಿಸಿದೆ. ಆ ಮೂಲೆಯಲ್ಲಿ ನೆಲದ ಮೇಲಿಟ್ಟ ದೀಪ ಓಣಿಯ ಯಾವ ಮನೆಯಿಂದಲೂ ಕಾಣುವುದಿಲ್ಲ, ದೀಪ ಕಂಡು ಬಂದೆವೆಂದ ನೀಲವ್ವನ ಮನೆಯಿಂದಲೂ.