ಹೊಲದ ನಾಯಿಯ ಮೊಳೆ ಪಟ್ಟಿ

ಕಾಡುಪ್ರಾಣಿಗಳ ಮೇಲೆ ಪ್ರೀತಿಯ ಹೊಳೆ ಹರಿಸುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಅದಕ್ಕೆ ಕಾರಣ ಹಾಸನದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದ ಒಬ್ಬ ಮೇಷ್ಟ್ರು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಘಟ್ಟದ ಅಂಚಿನ ಬೆಟ್ಟದಲ್ಲಿ ಚಿರತೆಗಳ ಅಧ್ಯಯನಕ್ಕೆ ಕ್ಯಾಂಪ್ ಹಾಕುತ್ತೇವೆ, ಸಂಬಳವಿಲ್ಲ, ಊಟ ಉಂಟು ಎಂದು ಅವರು ಕರೆದರು. ಹೊಳೆನರಸೀಪುರದಲ್ಲಿ ಟೀಚರಾಗಿದ್ದ ನಾನು ಬೇಸಿಗೆ ರಜೆಯಲ್ಲಿ ಹೊರಟೆ. ಮಲ್ಲಿಪಟ್ಟಣದ ಕಡೆಯ ರೈತನೊಬ್ಬ ತನ್ನ ಜೀಪು, ಟಾರ್ಪಾಲಿನ ಜೊತೆಗೆ ಹೊಲ ಕಾಯುವ ಕಂದು ನಾಯಿಯನ್ನೂ ತಂದ. ಅವರ ಕಡೆ ಹೊಲದ ನಾಯಿಯ ಕೊರಳಿಗೆ ಮೊನೆ ಹೊರಗೆ ಚಾಚುವಂತೆ ಮೊಳೆ ಹೊಡೆದ ಚರ್ಮದ ಪಟ್ಟಿ ಕಟ್ಟುತ್ತಾರೆ. ಚಿರತೆ ಮೊದಲು ಬಾಯಿ ಹಾಕುವುದು ಕೊರಳಿಗೇ.

ಟೆಂಟು ನಿಲ್ಲಿಸಿ, ಸುತ್ತ ಚರಂಡಿ ತೋಡಿ, ಒಲೆ ಹೂಡುವಷ್ಟರಲ್ಲಿ ನಮ್ಮ ಸೊಂಟ ಬಿದ್ದುಹೋಯಿತು. ಮೇಷ್ಟ್ರು ಒಂದು ಕಡ್ಡಿಯನ್ನೂ ಎತ್ತಿಡಲಿಲ್ಲ. ಅವರ ಪ್ರಾಣವೆಲ್ಲ ಒಂದು ಕ್ಯಾಮೆರಾದ ಮೇಲೆ. ಎದುರಿಗೆ ಏನು ಅಲುಗಾಡಿದರೂ ತಾನೇ ಫೋಟೋ ತೆಗೆಯುವಂಥದ್ದು. ಹಳ್ಳದ ಪಕ್ಕದ ಮರಕ್ಕೆ ಅದನ್ನು ಬಿಗಿದರು. ಚಿರತೆ ಅತ್ತ ಸುಳಿಯಲೇ ಇಲ್ಲ. ನಾಯಿ ಬೊಗಳಿ ಓಡಿಸುತ್ತಿದೆ ಎಂದು ಗೊಣಗಿದರು.

ಅಕ್ಕಿ, ಸೀಮೆಎಣ್ಣೆ ತರಲು ಒಂದು ದಿನ ನಾನೂ ರೈತನೂ ಜೀಪಿನಲ್ಲಿ ಕೆಳಗಿಳಿದೆವು.

"ಪಟ್ಟಿ ಮಾತ್ರ ಬಿಚ್ಬ್ಯಾಡಿ ಸಾ," ಎಂದು ಹೇಳಿ ಅವನು ನಾಯಿಯನ್ನು ಮೇಷ್ಟ್ರಿಗೆ ಒಪ್ಪಿಸಿದ. ದಾರಿಯಲ್ಲಿ ಟೈರು ಪಂಕ್ಚರಾಗಿ, ನಾವು ಹಿಂದಿರುಗುವಾಗ ಹೊತ್ತು ಮುಳುಗಿತ್ತು. ಪಟ್ಟಿ ಟೆಂಟಿನ ಗೂಟದಲ್ಲಿ ನೇತಾಡುತ್ತಿತ್ತು.

"ನಾಯಿ ಎಲ್ಲಿ ಸಾ?"

"ಕ್ಯಾಮೆರಾ ಮುಂದೆ ಕಟ್ಟಿದೀನಿ ಕಣಯ್ಯ. ಮೊಳೆ ಮೇಲೆ ಫ್ಲ್ಯಾಶ್ ಬಿದ್ರೆ ಫೋಟೋ ಕೆಡುತ್ತೆ, ಅದಕ್ಕೇ ಪಟ್ಟಿ ಬಿಚ್ಚಿಟ್ಟೆ," ಎಂದರು ಟೀ ಆರಿಸುತ್ತ.

ಓಡಿದೆವು. ಹಗ್ಗ ಇತ್ತು, ತರಗೆಲೆಯ ಮೇಲೆ ರಕ್ತ ಇತ್ತು. ನಾನು ವಾಪಸು ಬಂದು ಮೇಷ್ಟ್ರಿಗೆ ಬಾಯಿಗೆ ಬಂದಂತೆ ಬೈದೆ.

"ವಿಜ್ಞಾನದಲ್ಲಿ ಸೆಂಟಿಮೆಂಟ್ ನಡೆಯಲ್ಲ ಟೀಚರೇ," ಎಂದು ಅವರು ರೋಲು ತೆಗೆಯಲು ಹೊರಟರು.

ರೋಲು ತೊಳೆಸಲು ಹಾಸನದ ಸ್ಟುಡಿಯೋಗೆ ಹೋದಾಗ ರೈತನೂ ಬಂದ. ನಾಯಿಯದೊಂದು ಫೋಟೋ ಸಿಕ್ಕೀತೆಂಬ ಆಸೆ ಅವನಿಗೆ. ನೋಡಿದರೆ ರೋಲಿನ ತುಂಬ ನಾಯಿಯೇ. ಅದು ಅಲುಗಾಡಿದಾಗಲೆಲ್ಲ ಕ್ಯಾಮೆರಾ ಕ್ಲಿಕ್ಕಾಗಿ, ಚಿರತೆ ಬರುವ ಮೊದಲೇ ರೋಲು ಮುಗಿದಿತ್ತು.

"ದರಿದ್ರ ನಾಯಿ, ಪೂರ್ತಿ ರೋಲು ಹಾಳು ಮಾಡ್ತು," ಎಂದು ಮೇಷ್ಟ್ರು ಮುಖ ಸಿಂಡರಿಸಿದರು. "ಮುಂದಿನ ಸಲ ಕುರಿ ಕಟ್ಟೋಣ. ಅದಾದ್ರೆ ಸುಮ್ನೆ ನಿಂತಿರುತ್ತೆ."

ರೈತ ಫೋಟೋಗಳನ್ನು ಕೌಂಟರಿನ ಗಾಜಿನ ಮೇಲೆ ಹರಡಿ ಒಂದೊಂದನ್ನೇ ನೋಡಿದ.

"ಒಂದ್ರಾಗೂ ಮಲಗಿಲ್ಲ ನೋಡಕ್ಕ," ಎಂದ ನನಗೆ. "ನಾವೋದ ದಾರೀನೇ ನೋಡ್ತಾ ನಿಂತೈತೆ."